ಕೃಷಿ ಹೊಂಡದ ಅಗೆತ

ಕೃಷಿ ಹೊಂಡದ ಅಗೆತ ಎಂದರೆ ಹೊಲ, ತೋಟ ಅಥವಾ ಮನೆಯ ಹಿತ್ತಲಿನಲ್ಲಿ ಮಳೆನೀರನ್ನು ಕೂಡಿಡುವ ಉದ್ದೇಶದಿಂದ ನೆಲವನ್ನು ಗೊತ್ತಾದ ಅಳತೆ ಮತ್ತು ಇಳಿಜಾರಿನಲ್ಲಿ ತೋಡುವ ಮಣ್ಣಿನ ಕೆಲಸ. ಕರ್ನಾಟಕದ ಮಳೆಯಾಶ್ರಿತ ಪ್ರದೇಶಗಳಲ್ಲಿ, ವಿಶೇಷವಾಗಿ ಚಿತ್ರದುರ್ಗದಂತಹ ಬಯಲುಸೀಮೆಯ ಜಿಲ್ಲೆಗಳಲ್ಲಿ, ಇದು ಸಾಮಾನ್ಯವಾಗಿ ಕಾಣುವ ಕೆಲಸವಾಗಿದೆ. ಹೊಂಡಕ್ಕೆ ನೀರು ಬರುವುದೇ, ಬಂದ ನೀರು ನಿಲ್ಲುವುದೇ, ದಡಗಳು ಕುಸಿಯದೆ ಉಳಿಯುವುವೇ ಎಂಬುದು ಬಹುಮಟ್ಟಿಗೆ ಅಗೆತದ ಹಂತದಲ್ಲಿಯೇ ನಿರ್ಧಾರವಾಗುತ್ತದೆ. ಸ್ಥಳದ ಆಯ್ಕೆ, ಮಣ್ಣಿನ ಪರೀಕ್ಷೆ, ದಡದ ಇಳಿಜಾರು, ಅಗೆದ ಮಣ್ಣಿನ ವಿಲೇವಾರಿ ಮತ್ತು ಸುತ್ತಲಿನ ಬೇಲಿ ಇವು ಈ ಕೆಲಸದ ಮುಖ್ಯ ಅಂಶಗಳು.

ಹಿನ್ನೆಲೆ

ಪ್ರದೇಶ

ಹೊರಕೆರೆದೇವರಪುರವು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಗ್ರಾಮ. ಎಚ್.ಡಿ. ಪುರ ಎಂಬ ಸಂಕ್ಷಿಪ್ತ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಗ್ರಾಮದ ಹೆಸರಿನಲ್ಲಿಯೂ ತಾಲ್ಲೂಕಿನ ಹೆಸರಿನಲ್ಲಿಯೂ ‘ಕೆರೆ’ ಎಂಬ ಪದವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳನ್ನು ಒಳಗೊಂಡ ಈ ಭಾಗವು ಅರೆಶುಷ್ಕ ಹವಾಮಾನದ ಪ್ರದೇಶ. ಪೂರ್ವದ ಚಳ್ಳಕೆರೆ, ಹಿರಿಯೂರುಗಳಿಗಿಂತ ಪಶ್ಚಿಮದ ಹೊಳಲ್ಕೆರೆಯಲ್ಲಿ ಮಳೆ ಹೆಚ್ಚು. ಆದರೂ ಎರಡು ಮಳೆಗಳ ನಡುವಿನ ದೀರ್ಘ ಬಿಡುವು ಇಡೀ ಜಿಲ್ಲೆಯ ಬೆಳೆಗಳಿಗೆ ಸಮಾನವಾದ ಕಷ್ಟ. ರಾಗಿ, ಮೆಕ್ಕೆಜೋಳ, ಶೇಂಗಾ ಮತ್ತು ಈರುಳ್ಳಿ ಇಲ್ಲಿನ ಪ್ರಮುಖ ಬೆಳೆಗಳಾಗಿವೆ. ಹೊಳಲ್ಕೆರೆ ಮತ್ತು ಹೊಸದುರ್ಗ ತಾಲ್ಲೂಕುಗಳಲ್ಲಿ ಅಡಿಕೆ ಹಾಗೂ ತೆಂಗಿನ ತೋಟಗಳೂ ಇವೆ.

ಹಿರಿಯೂರು ಸಮೀಪದ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ಜಿಲ್ಲೆಯ ಅತಿ ದೊಡ್ಡ ಜಲಾಶಯ. ಕಾಲುವೆಯ ನೀರು ತಲುಪದ ಗ್ರಾಮಗಳು ಕೆರೆ, ಬಾವಿ ಮತ್ತು ಕೊಳವೆ ಬಾವಿಗಳನ್ನು ಅವಲಂಬಿಸಿವೆ. ಅಂತರ್ಜಲದ ಮೌಲ್ಯಮಾಪನಗಳಲ್ಲಿ ಜಿಲ್ಲೆಯ ಹಲವು ತಾಲ್ಲೂಕುಗಳು ಅತಿಬಳಕೆಯ ವರ್ಗದಲ್ಲಿ ಸೇರಿವೆ. ಈ ಸನ್ನಿವೇಶದಲ್ಲಿ, ಬಿದ್ದ ಮಳೆಯನ್ನು ಬಿದ್ದ ಹೊಲದಲ್ಲಿಯೇ ಹಿಡಿದಿಡುವ ಹೊಂಡಗಳಿಗೆ ಮಹತ್ವ ಬಂದಿದೆ.

ಹಳೆಯ ಹೊಂಡಗಳು

ನೆಲವನ್ನು ತೋಡಿ ಮಳೆನೀರನ್ನು ಕೂಡಿಡುವ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ಚಿತ್ರದುರ್ಗದ ಕಲ್ಲಿನ ಕೋಟೆಯಲ್ಲಿರುವ ಗೋಪಾಲಸ್ವಾಮಿ ಹೊಂಡ ಮತ್ತು ಅಕ್ಕ-ತಂಗಿ ಹೊಂಡ, ಕೋಟೆಯ ಕೆಳಗಿರುವ ಸಿಹಿನೀರು ಹೊಂಡ ಮತ್ತು ಸಂತೆ ಹೊಂಡಗಳು ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಹಿಡಿದಿಡಲು ರೂಪಿಸಿದಂಥವು. ಗ್ರಾಮಗಳಲ್ಲಿ ದನಕರುಗಳಿಗಾಗಿ ತೋಡಿದ ಗೋಕಟ್ಟೆಗಳೂ ಹೊಲಗಳ ನಡುವಿನ ಕುಂಟೆಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ.

ಕೆರೆ ಮತ್ತು ಹೊಂಡಗಳ ಮಣ್ಣು ಹಾಗೂ ಕಲ್ಲಿನ ಕೆಲಸದಲ್ಲಿ ಪರಂಪರೆಯಿಂದ ಪರಿಣತಿ ಪಡೆದ ಸಮುದಾಯಗಳಲ್ಲಿ ಭೋವಿ ಸಮುದಾಯ ಪ್ರಮುಖವಾದುದು. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ 12ನೇ ಶತಮಾನದ ಶರಣ ಸಿದ್ಧರಾಮನನ್ನು ಈ ಸಮುದಾಯ ಆರಾಧಿಸುತ್ತದೆ. ಸಮುದಾಯದ ಗುರುಪೀಠವು ಚಿತ್ರದುರ್ಗದಲ್ಲಿದೆ.

ಸರ್ಕಾರಿ ಯೋಜನೆಗಳು

ಕರ್ನಾಟಕ ಸರ್ಕಾರವು 2014–15ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಿಂದ ಕೃಷಿ ಹೊಂಡಗಳು ರಾಜ್ಯದಾದ್ಯಂತ ಹರಡಿದವು. ಕ್ಷೇತ್ರ ಬದು, ಕೃಷಿ ಹೊಂಡ, ನೀರು ಇಂಗದಂತೆ ತಡೆಯುವ ಹಾಸು, ನೀರೆತ್ತುವ ಪಂಪ್‌ಸೆಟ್ ಮತ್ತು ತುಂತುರು ಅಥವಾ ಹನಿ ನೀರಾವರಿ ಘಟಕಗಳನ್ನು ಒಟ್ಟಾಗಿ ಒದಗಿಸುವುದು ಈ ಯೋಜನೆಯ ಸ್ವರೂಪ. ಆರಂಭದಲ್ಲಿ ಹೊಂಡದ ವೆಚ್ಚಕ್ಕೆ ಸಾಮಾನ್ಯ ವರ್ಗದ ರೈತರಿಗೆ ಶೇ. 80ರಷ್ಟು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ರೈತರಿಗೆ ಶೇ. 90ರಷ್ಟು ಸಹಾಯಧನವಿತ್ತು. ಕೆಲವು ವರ್ಷ ಹಿನ್ನೆಲೆಗೆ ಸರಿದಿದ್ದ ಯೋಜನೆಯನ್ನು 2023–24ರಲ್ಲಿ ಮತ್ತೆ ಜಾರಿಗೆ ತರಲಾಯಿತು. ಆಗ ಹೊಂಡದ ಸುತ್ತಲಿನ ತಂತಿ ಬೇಲಿಯೂ ಘಟಕಗಳ ಪಟ್ಟಿಯಲ್ಲಿ ಸೇರಿತು.

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಡಿಯಲ್ಲಿಯೂ ಸಣ್ಣ ರೈತರ ಜಮೀನುಗಳಲ್ಲಿ ಹೊಂಡಗಳನ್ನು ತೋಡಲಾಗಿದೆ. ಆ ಕಾಯ್ದೆಯ ಕಾಮಗಾರಿಗಳಲ್ಲಿ ಗುತ್ತಿಗೆದಾರರಿಗೂ ಕೂಲಿಕಾರರ ಕೆಲಸವನ್ನು ಕಸಿಯುವ ಯಂತ್ರಗಳಿಗೂ ಅವಕಾಶವಿರಲಿಲ್ಲ. ಆದ್ದರಿಂದ ಅಂತಹ ಹೊಂಡಗಳು ಗುದ್ದಲಿ, ಸನಿಕೆ, ಹಾರೆ ಮತ್ತು ಬಾಂಡ್ಲಿಗಳಿಂದ ಆಗಬೇಕಾದವು.

ಸ್ಥಳದ ಆಯ್ಕೆ

ಹೊಂಡವನ್ನು ಜಮೀನಿನ ತಗ್ಗಾದ ಭಾಗದಲ್ಲಿ, ಮಳೆನೀರು ತಾನಾಗಿಯೇ ಹರಿದು ಬರುವ ಕಡೆ ತೋಡಬೇಕು. ಆದರೆ ಹಳ್ಳದ ಮುಖ್ಯ ಹರಿವಿನ ನಡುವೆ ತೋಡಿದರೆ ಮೊದಲ ದೊಡ್ಡ ಮಳೆಗೇ ಹೂಳು ತುಂಬುತ್ತದೆ ಅಥವಾ ದಡ ಕೊಚ್ಚಿಹೋಗುತ್ತದೆ. ಹರಿವಿನ ಪಕ್ಕದಲ್ಲಿ ಹೊಂಡವನ್ನು ಇರಿಸಿ, ಕಾಲುವೆಯ ಮೂಲಕ ನೀರನ್ನು ಒಳಗೆ ತಿರುಗಿಸುವುದು ಸುರಕ್ಷಿತ ಕ್ರಮ.

ಅಗೆಯುವ ಮೊದಲು ಪರಿಶೀಲಿಸಬೇಕಾದ ಅಂಶಗಳು:

• ಮೇಲಿನಿಂದ ಎಷ್ಟು ಎಕರೆಯ ನೀರು ಈ ಸ್ಥಳಕ್ಕೆ ಹರಿದು ಬರುತ್ತದೆ ಎಂಬುದು.
• ನೆಲದಡಿಯ ನೀರಿನ ಕೊಳವೆ, ವಿದ್ಯುತ್ ತಂತಿ, ಮುಚ್ಚದೆ ಬಿಟ್ಟ ಹಳೆಯ ಕೊಳವೆ ಬಾವಿ.
• ಯಂತ್ರದ ತೋಳು ತಗಲಬಹುದಾದ ಎತ್ತರದಲ್ಲಿ ಹಾದುಹೋಗುವ ವಿದ್ಯುತ್ ತಂತಿಗಳು.
• ಮನೆ, ಕೊಟ್ಟಿಗೆ, ದೊಡ್ಡ ಮರ ಮತ್ತು ನೆರೆಯವರ ಬದುವಿನಿಂದ ಇರುವ ಅಂತರ.
• ಶಾಲೆಯ ದಾರಿ, ಕಾಲುದಾರಿ ಅಥವಾ ದನಗಳ ಹಾದಿಗೆ ಇರುವ ಸಾಮೀಪ್ಯ.

ತಳಪಾಯದ ಹತ್ತಿರ ಆಳವಾಗಿ ಅಗೆದರೆ ಅದರ ಕೆಳಗಿನ ಮಣ್ಣಿನ ಆಸರೆ ತಪ್ಪುತ್ತದೆ. ಆದ್ದರಿಂದ ಹೊಂಡದ ಅಂಚಿಗೂ ಕಟ್ಟಡಕ್ಕೂ ನಡುವೆ ಹೊಂಡದ ಆಳಕ್ಕಿಂತ ಹೆಚ್ಚಿನ ಅಂತರ ಉಳಿಸುವುದು ವಾಡಿಕೆ.

ಮಣ್ಣಿನ ಪರೀಕ್ಷೆ

ಚಿತ್ರದುರ್ಗ ಜಿಲ್ಲೆಯಲ್ಲಿ ಕೆಂಪು ಮಣ್ಣು ಮತ್ತು ಕಪ್ಪು ಎರೆ ಮಣ್ಣು ಎರಡೂ ಕಂಡುಬರುತ್ತವೆ. ಒಂದೇ ಜಮೀನಿನಲ್ಲಿ ಮೇಲೆ ಕೆಂಪು ಮಣ್ಣು, ಕೆಳಗೆ ಗರಸು, ಅದರಡಿ ಬಂಡೆ ಎಂಬಂತೆ ಪದರಗಳು ಬದಲಾಗಬಹುದು. ಆದ್ದರಿಂದ ಉದ್ದೇಶಿತ ಆಳಕ್ಕಿಂತ ಸ್ವಲ್ಪ ಹೆಚ್ಚು ಆಳದ ಒಂದೆರಡು ಪರೀಕ್ಷಾ ಗುಂಡಿಗಳನ್ನು ಮೊದಲು ತೋಡಿ ನೋಡಲಾಗುತ್ತದೆ. ಅರ್ಧ ಆಳದಲ್ಲಿಯೇ ಬಂಡೆ ಸಿಕ್ಕಿದರೆ ಹೊಂಡವನ್ನು ಅಗಲವಾಗಿ, ಆಳ ಕಡಿಮೆಯಾಗಿ ಮಾಡಬೇಕಾಗುತ್ತದೆ ಇಲ್ಲವೇ ಸ್ಥಳವನ್ನು ಬದಲಾಯಿಸಬೇಕಾಗುತ್ತದೆ.

ನೀರು ಹಿಡಿಯುವ ಗುಣವನ್ನು ತಿಳಿಯಲು ಪರೀಕ್ಷಾ ಗುಂಡಿಗೆ ನೀರು ತುಂಬಿಸಿ, ಮಣ್ಣು ನೆನೆದ ಮೇಲೆ ಮತ್ತೊಮ್ಮೆ ತುಂಬಿಸಿ, ಒಂದು ರಾತ್ರಿಯಲ್ಲಿ ಮಟ್ಟ ಎಷ್ಟು ಇಳಿಯಿತು ಎಂದು ಅಳೆಯುವುದು ಸರಳ ವಿಧಾನ. ಒದ್ದೆ ಮಾಡಿದ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಮುರಿಯದೆ ತೆಳ್ಳಗಿನ ಎಳೆಯಾದರೆ ಅದರಲ್ಲಿ ಜೇಡಿಯ ಅಂಶ ಹೆಚ್ಚಿದೆ ಎಂದರ್ಥ. ಎಳೆಯಾಗದೆ ಉದುರಿದರೆ ಮರಳಿನ ಅಂಶ ಹೆಚ್ಚು.

ಆಳವಾದ ಎರೆ ಮಣ್ಣಿನಲ್ಲಿ ನೀರು ಇಂಗುವುದು ಕಡಿಮೆ. ಅಲ್ಲಿ ಹಾಸಿಲ್ಲದೆಯೂ ಹೊಂಡ ನೀರು ಹಿಡಿಯಬಹುದು. ಆದರೆ ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಡುತ್ತದೆ, ಒದ್ದೆಯಾದಾಗ ದಡ ಜಾರುತ್ತದೆ. ಕೆಂಪು ಮಣ್ಣು ಮತ್ತು ಗರಸಿನ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಹಾಸು ಅಗತ್ಯ. ಅಂತರ್ಜಲ ಮರುಪೂರಣವೇ ಉದ್ದೇಶವಾಗಿದ್ದರೆ ಇದೇ ಇಂಗುವ ಗುಣ ಅನುಕೂಲವಾಗುತ್ತದೆ. ಅಂತಹ ರಚನೆಯನ್ನು ಕೃಷಿ ಹೊಂಡದಿಂದ ಪ್ರತ್ಯೇಕಿಸಿ ಇಂಗುಗುಂಡಿ ಅಥವಾ ಜಿನುಗು ಕೆರೆ ಎನ್ನುತ್ತಾರೆ.

ಅಳತೆ ಮತ್ತು ಲೆಕ್ಕ

ದಡದ ಇಳಿಜಾರು

ಕೃಷಿ ಹೊಂಡದ ಗೋಡೆಗಳು ನೆಟ್ಟಗಿರುವುದಿಲ್ಲ. ಮೇಲೆ ಅಗಲವಾಗಿ, ಕೆಳಗೆ ಹೋದಂತೆ ಕಿರಿದಾಗುತ್ತವೆ. ಇಳಿಜಾರನ್ನು ಅಡ್ಡಳತೆ ಮತ್ತು ಆಳಗಳ ಅನುಪಾತವಾಗಿ ಸೂಚಿಸಲಾಗುತ್ತದೆ. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿದರೆ ಅದು 1:1. ಮಣ್ಣು ಸಡಿಲವಾದಷ್ಟೂ ಇಳಿಜಾರು ಚಪ್ಪಟೆಯಾಗಿರಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಪ್ರಮಾಣಗಳು ಹೀಗಿವೆ:

• ಜೇಡಿ ಮಣ್ಣು: 1:1ರಿಂದ 2:1
• ಜೇಡಿ ಮಿಶ್ರಿತ ಗೋಡು ಮಣ್ಣು: 1.5:1ರಿಂದ 2:1
• ಮರಳು ಮಿಶ್ರಿತ ಗೋಡು ಮಣ್ಣು: 2:1ರಿಂದ 2.5:1
• ಮರಳು ಮಣ್ಣು: 3:1

ಗಾತ್ರ

ಹೊಂಡದ ಗಾತ್ರವನ್ನು ಮೂರು ಮಟ್ಟಗಳ ವಿಸ್ತೀರ್ಣದಿಂದ ಲೆಕ್ಕ ಹಾಕಲಾಗುತ್ತದೆ. ಮೇಲ್ಭಾಗದ ವಿಸ್ತೀರ್ಣ, ನಡು ಆಳದ ವಿಸ್ತೀರ್ಣದ ನಾಲ್ಕು ಪಟ್ಟು ಮತ್ತು ತಳದ ವಿಸ್ತೀರ್ಣಗಳನ್ನು ಕೂಡಿಸಿ, ಆರರಿಂದ ಭಾಗಿಸಿ, ಆಳದಿಂದ ಗುಣಿಸಬೇಕು.

ಉದಾಹರಣೆಗೆ, ಮೇಲ್ಭಾಗ 21 × 21 ಮೀಟರ್, ಆಳ 3 ಮೀಟರ್, ಇಳಿಜಾರು 1:1 ಇದ್ದರೆ ನಡುವಿನ ಅಳತೆ 18 × 18 ಮೀಟರ್, ತಳ 15 × 15 ಮೀಟರ್ ಆಗುತ್ತದೆ. ವಿಸ್ತೀರ್ಣಗಳು ಕ್ರಮವಾಗಿ 441, 324 ಮತ್ತು 225 ಚದರ ಮೀಟರ್. ಲೆಕ್ಕದ ಪ್ರಕಾರ ಗಾತ್ರ 981 ಘನ ಮೀಟರ್, ಅಂದರೆ 9.81 ಲಕ್ಷ ಲೀಟರ್. ಅದೇ ಹೊಂಡದ ಇಳಿಜಾರನ್ನು 1.5:1 ಮಾಡಿದರೆ ತಳ 12 × 12 ಮೀಟರಿಗೆ ಇಳಿದು ಗಾತ್ರ 837 ಘನ ಮೀಟರ್ ಆಗುತ್ತದೆ. ಮೇಲ್ಭಾಗ 10 × 10 ಮೀಟರ್, ಆಳ 3 ಮೀಟರ್, ಇಳಿಜಾರು 1:1 ಇರುವ ಸಣ್ಣ ಹೊಂಡದ ಗಾತ್ರ 156 ಘನ ಮೀಟರ್ ಮಾತ್ರ. ಮೇಲ್ಭಾಗದ ಪ್ರತಿ ಬದಿ ಅರ್ಧದಷ್ಟಾದಾಗ ಗಾತ್ರ ಆರನೆಯ ಒಂದು ಭಾಗಕ್ಕಿಂತ ಕಡಿಮೆಯಾಗುವುದನ್ನು ಇಲ್ಲಿ ಗಮನಿಸಬಹುದು.

ಅಗೆದ ಗಾತ್ರವೆಲ್ಲವೂ ನೀರಿಗೆ ಸಿಗುವುದಿಲ್ಲ. ದಡ ಮೀರಿ ಹರಿಯದಂತೆ ಮೇಲಿನ 30 ಸೆಂಟಿಮೀಟರ್ ಖಾಲಿ ಬಿಟ್ಟರೆ, ಮೊದಲ ಉದಾಹರಣೆಯ ಹೊಂಡದಲ್ಲಿ ನಿಲ್ಲುವ ನೀರು ಸುಮಾರು 8.5 ಲಕ್ಷ ಲೀಟರ್.

ನೀರಿನ ಬರುವಿಕೆ ಮತ್ತು ಬಳಕೆ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗಿ, ಅದರಲ್ಲಿ ಹತ್ತನೆಯ ಒಂದು ಭಾಗ ಮೇಲ್ಮೈಯಲ್ಲಿ ಹರಿಯುತ್ತದೆ ಎಂದಿಟ್ಟುಕೊಂಡರೆ, ಒಂದು ಹೆಕ್ಟೇರಿನಿಂದ 600 ಘನ ಮೀಟರ್ ನೀರು ಬರುತ್ತದೆ. ಈ ಲೆಕ್ಕದಲ್ಲಿ 981 ಘನ ಮೀಟರಿನ ಹೊಂಡ ಒಮ್ಮೆ ತುಂಬಲು ಸುಮಾರು 1.6 ಹೆಕ್ಟೇರ್, ಅಂದರೆ ನಾಲ್ಕು ಎಕರೆಯ ಹರಿವು ಬೇಕು. ಒಂದು ಎಕರೆಯ ಹರಿವಿಗೆ ಇಷ್ಟು ದೊಡ್ಡ ಹೊಂಡ ತೋಡಿದರೆ ಅದು ಅರ್ಧವೂ ತುಂಬದು.

ಒಂದು ಎಕರೆ ಬೆಳೆಗೆ 5 ಸೆಂಟಿಮೀಟರ್ ಆಳದ ಒಂದು ನೀರು ಕೊಡಲು ಸುಮಾರು 2 ಲಕ್ಷ ಲೀಟರ್ ಬೇಕಾಗುತ್ತದೆ. ಆದ್ದರಿಂದ ಕೃಷಿ ಹೊಂಡವು ಬೆಳೆಯ ಇಡೀ ಅವಧಿಗೆ ನೀರೊದಗಿಸುವ ಮೂಲವಲ್ಲ. ಹೂ ಬಿಡುವ ಅಥವಾ ಕಾಳು ಕಟ್ಟುವ ಹಂತದಲ್ಲಿ ಮಳೆ ಕೈಕೊಟ್ಟಾಗ ಒಂದೆರಡು ಬಾರಿ ಕೊಡುವ ರಕ್ಷಣಾತ್ಮಕ ನೀರಾವರಿಗೆ ಅದು ತಕ್ಕುದಾಗಿದೆ. ತುಂತುರು ಮತ್ತು ಹನಿ ನೀರಾವರಿಯನ್ನು ಹೊಂಡದ ಜೊತೆಗೆ ಜೋಡಿಸುವುದಕ್ಕೆ ಇದೇ ಕಾರಣ.

ಗುರುತು ಹಾಕುವುದು

ಮೊದಲು ಮುಳ್ಳುಕಂಟಿ ಮತ್ತು ಬೇರುಗಳನ್ನು ತೆಗೆದು ಸ್ಥಳವನ್ನು ಚೊಕ್ಕಟಗೊಳಿಸಲಾಗುತ್ತದೆ. ಅನಂತರ ಮೇಲ್ಭಾಗದ ಅಂಚನ್ನು ಗೂಟ, ಹಗ್ಗ ಮತ್ತು ಸುಣ್ಣದ ಪುಡಿಯಿಂದ ಗುರುತಿಸಿ, ಅದರೊಳಗೆ ತಳದ ಅಳತೆಯ ಇನ್ನೊಂದು ಚೌಕವನ್ನು ಗುರುತಿಸುತ್ತಾರೆ. ಮೂಲೆಗಳು ಲಂಬಕೋನವಾಗಿವೆಯೇ ಎಂದು ತಿಳಿಯಲು ಹಗ್ಗದಲ್ಲಿ 3, 4 ಮತ್ತು 5 ಮೀಟರ್‌ಗಳ ತ್ರಿಕೋನ ಮಾಡುವ ವಿಧಾನವಿದೆ. ಎರಡು ಕರ್ಣಗಳನ್ನು ಅಳೆದು ಹೋಲಿಸುವುದು ಇನ್ನೊಂದು ಪರೀಕ್ಷೆ. 21 ಮೀಟರಿನ ಚೌಕದಲ್ಲಿ ಎರಡೂ ಕರ್ಣಗಳು 29.7 ಮೀಟರ್ ಇರಬೇಕು. ಅಂಚು ಸೊಟ್ಟಗಿದ್ದರೆ ಮುಂದೆ ಹಾಸು ಹೊದಿಸುವಾಗ ಒಂದು ಕಡೆ ಸಾಲದೆ ಇನ್ನೊಂದು ಕಡೆ ಮಡಿಕೆ ಬೀಳುತ್ತದೆ.

ನಾಲ್ಕೂ ಮೂಲೆಗಳ ನೆಲಮಟ್ಟವನ್ನು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಅಥವಾ ಮಟ್ಟಮಾಪಕದಿಂದ ನೋಡಲಾಗುತ್ತದೆ. ಆಳವನ್ನು ಅತಿ ತಗ್ಗಿನ ಮೂಲೆಯಿಂದ ಎಣಿಸುವುದು ಸರಿಯಾದ ಕ್ರಮ. ಎತ್ತರದ ಮೂಲೆಯಿಂದ ಎಣಿಸಿದರೆ ನೀರು ಆ ಮಟ್ಟ ಮುಟ್ಟುವ ಮೊದಲೇ ತಗ್ಗಿನ ಕಡೆಯಿಂದ ಹೊರಹೋಗುತ್ತದೆ.

ಅಗೆಯುವ ಕ್ರಮ

ಅಗೆತಕ್ಕೆ ಬೇಸಿಗೆ ಸೂಕ್ತ ಕಾಲ. ಜಿಲ್ಲೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚಿನ ಮಳೆಯಾಗುವುದರಿಂದ, ಅದಕ್ಕೆ ಮೊದಲೇ ಅಗೆತ, ಹಾಸು ಮತ್ತು ಬೇಲಿ ಮೂರೂ ಮುಗಿದಿರಬೇಕು.

ಮೇಲಿನ 15ರಿಂದ 30 ಸೆಂಟಿಮೀಟರಿನ ಫಲವತ್ತಾದ ಮಣ್ಣನ್ನು ಮೊದಲು ಕೆರೆದು ಪ್ರತ್ಯೇಕವಾಗಿ ರಾಶಿ ಹಾಕಬೇಕು. ಕೆಳಗಿನ ಗರಸಿನೊಂದಿಗೆ ಇದು ಬೆರೆತರೆ ಮತ್ತೆ ಬೇರ್ಪಡಿಸಲಾಗದು.

ಕೈಯಿಂದ ಅಗೆಯುವಾಗ ಮೆಟ್ಟಿಲುಗಳ ಕ್ರಮವನ್ನು ಅನುಸರಿಸುತ್ತಾರೆ. 1:1 ಇಳಿಜಾರಿಗೆ ಪ್ರತಿ ಅರ್ಧ ಮೀಟರ್ ಆಳ ಇಳಿದಾಗ ಎಲ್ಲ ಬದಿಗಳಿಂದಲೂ ಅರ್ಧ ಮೀಟರ್ ಒಳಸರಿಯಬೇಕು. ಹೀಗೆ ಆರು ಮೆಟ್ಟಿಲುಗಳಲ್ಲಿ 3 ಮೀಟರ್ ಆಳ ತಲುಪಿ, ಕೊನೆಗೆ ಮೆಟ್ಟಿಲುಗಳ ಮೂಲೆಗಳನ್ನು ಕೆತ್ತಿ ನಯವಾದ ಇಳಿಜಾರು ಮಾಡಲಾಗುತ್ತದೆ. ಮಣ್ಣು ಹೊತ್ತು ಮೇಲೇರಲು ಈ ಮೆಟ್ಟಿಲುಗಳೇ ದಾರಿಯಾಗುತ್ತವೆ.

ಜೆಸಿಬಿ ಅಥವಾ ಹಿಟಾಚಿ ಯಂತ್ರದಿಂದ ಅಗೆಯುವಾಗ ಕೆಲಸ ಬೇಗ ಸಾಗುತ್ತದೆ. ಆದರೆ ಇಳಿಜಾರು ತಪ್ಪುವ ಸಂಭವವೂ ಹೆಚ್ಚು. ಬದಿಗಳನ್ನು ನೆಟ್ಟಗೆ ಕತ್ತರಿಸಿ ಅನಂತರ ಸವರುವುದಕ್ಕಿಂತ, ಮರದ ಪಟ್ಟಿಗಳ ತ್ರಿಕೋನ ಅಚ್ಚನ್ನು ಇಟ್ಟು ನೋಡುತ್ತ ಮೊದಲಿನಿಂದಲೇ ಇಳಿಜಾರಾಗಿ ಕತ್ತರಿಸುವುದು ಒಳ್ಳೆಯದು. ಅಗತ್ಯಕ್ಕಿಂತ ಹೆಚ್ಚು ಅಗೆದ ಕಡೆ ಸಡಿಲ ಮಣ್ಣು ತುಂಬಿ ಸರಿಪಡಿಸಿದರೆ ಆ ಭಾಗ ನೀರು ತುಂಬಿದಾಗ ಕುಸಿಯುತ್ತದೆ. ಅನಿವಾರ್ಯವಾದರೆ ಮಣ್ಣನ್ನು ತೆಳುವಾದ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ದಿಮ್ಮಿಸಿನಿಂದ ಗಟ್ಟಿ ಮಾಡಬೇಕು.

ಅಗೆದ ಮಣ್ಣಿನ ವಿಲೇವಾರಿ

ನೆಲದಿಂದ ಹೊರಬಂದ ಮಣ್ಣು ಸಡಿಲಗೊಂಡು ಉಬ್ಬುತ್ತದೆ. ಉಬ್ಬುವಿಕೆ ಕಾಲು ಭಾಗದಷ್ಟು ಎಂದಿಟ್ಟುಕೊಂಡರೆ 981 ಘನ ಮೀಟರಿನ ಅಗೆತದಿಂದ ಸುಮಾರು 1,226 ಘನ ಮೀಟರ್ ಸಡಿಲ ಮಣ್ಣು ಬರುತ್ತದೆ. ಇದು 3 ಘನ ಮೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರಿನ 400ಕ್ಕೂ ಹೆಚ್ಚು ಲೋಡ್‌ಗಳಿಗೆ ಸಮ. ಒಂದು ಹೆಕ್ಟೇರಿನ ಮೇಲೆ ಹರಡಿದರೆ 12 ಸೆಂಟಿಮೀಟರ್ ದಪ್ಪ ಆಗುತ್ತದೆ. ಮಣ್ಣು ಎಲ್ಲಿಗೆ ಹೋಗಬೇಕೆಂದು ಅಗೆತಕ್ಕೆ ಮೊದಲೇ ತೀರ್ಮಾನಿಸದಿದ್ದರೆ ಅದು ಅಂಚಿನಲ್ಲಿಯೇ ಗುಡ್ಡೆಯಾಗಿ ಉಳಿಯುತ್ತದೆ.

ಅಂಚಿನಲ್ಲಿ ಉಳಿದ ಗುಡ್ಡೆ ಎರಡು ರೀತಿಯಲ್ಲಿ ಹಾನಿಕರ. ಅದರ ಭಾರಕ್ಕೆ ದಡ ಕುಸಿಯಬಹುದು, ಮಳೆಗೆ ಅದೇ ಮಣ್ಣು ತೊಳೆದು ಹೊಂಡಕ್ಕೆ ಮರಳಬಹುದು. ಆದ್ದರಿಂದ ಅಂಚಿನಿಂದ ಕನಿಷ್ಠ 1ರಿಂದ 1.5 ಮೀಟರ್ ಜಾಗವನ್ನು ಖಾಲಿ ಬಿಟ್ಟು, ಅದರಾಚೆ ಮೂರು ಬದಿಗಳಲ್ಲಿ ಏರಿ ಹಾಕಲಾಗುತ್ತದೆ. ನೀರು ಬರುವ ಬದಿಯನ್ನು ತೆರೆದಿಡಬೇಕು. ಏರಿಯ ಮೇಲೆ ಹುಲ್ಲು ಬೆಳೆಸಿದರೆ ಮಣ್ಣು ಸವೆಯುವುದಿಲ್ಲ. ಪ್ರತ್ಯೇಕವಾಗಿಟ್ಟ ಮೇಲ್ಮಣ್ಣನ್ನು ಹೊಲಕ್ಕೆ ಮರಳಿಸಲಾಗುತ್ತದೆ. ಉಳಿದದ್ದನ್ನು ಬದು, ದಾರಿ ಅಥವಾ ತಗ್ಗು ತುಂಬಲು ಬಳಸಬಹುದು. ಮಣ್ಣನ್ನು ಜಮೀನಿನಿಂದ ಹೊರಗೆ ಸಾಗಿಸಿ ಮಾರುವುದಕ್ಕೆ ಉಪಖನಿಜಗಳ ನಿಯಮಗಳು ಅನ್ವಯಿಸುತ್ತವೆ.

ಒಳಹರಿವು ಮತ್ತು ಕೋಡಿ

ಹರಿದು ಬರುವ ನೀರು ನೇರವಾಗಿ ಹೊಂಡಕ್ಕೆ ಬೀಳದೆ, ಮೊದಲು ಒಂದು ಸಣ್ಣ ಹೂಳು ಗುಂಡಿಯಲ್ಲಿ ನಿಂತು ಮುಂದೆ ಸಾಗಬೇಕು. ಅಲ್ಲಿ ಮರಳು, ಮಣ್ಣು ಮತ್ತು ಕಸ ತಂಗುತ್ತವೆ. ದೊಡ್ಡ ಹೊಂಡದ ಹೂಳನ್ನು ಎತ್ತುವುದಕ್ಕಿಂತ ಈ ಗುಂಡಿಯನ್ನು ಪ್ರತಿ ಮಳೆಯ ನಂತರ ಚೊಕ್ಕಟ ಮಾಡುವುದು ಸುಲಭ. ಒಳಹರಿವಿನ ಜಾಗದಲ್ಲಿ ಕಲ್ಲು ಹಾಸಿದರೆ ದಡ ಕೊರೆಯುವುದಿಲ್ಲ.

ಹೊಂಡ ತುಂಬಿದ ಮೇಲೆ ಹೆಚ್ಚುವರಿ ನೀರು ಹೋಗಲು ಕೋಡಿ ಬೇಕು. ಅದು ದಡದ ಮಟ್ಟಕ್ಕಿಂತ 30ರಿಂದ 50 ಸೆಂಟಿಮೀಟರ್ ಕೆಳಗಿರುತ್ತದೆ. ಕೋಡಿಯ ನೀರು ನೆರೆಯವರ ಹೊಲಕ್ಕೆ ನುಗ್ಗದೆ ಸಹಜ ಹಳ್ಳವನ್ನು ಸೇರುವಂತೆ ನೋಡಿಕೊಳ್ಳಬೇಕು.

ಹಾಸು

ನೀರು ಇಂಗುವ ಮಣ್ಣಿನಲ್ಲಿ ತಳ ಮತ್ತು ದಡಗಳಿಗೆ ಪ್ಲಾಸ್ಟಿಕ್ ಹಾಸನ್ನು ಹೊದಿಸುತ್ತಾರೆ. 500 ಮೈಕ್ರಾನ್ ದಪ್ಪದ ಹಾಸು ಸಾಮಾನ್ಯ ಬಳಕೆಯಲ್ಲಿದೆ. ಲ್ಯಾಮಿನೇಟ್ ಮಾಡಿದ ನೇಯ್ದ ಎಚ್‌ಡಿಪಿಇ ಹಾಸಿನ ಗುಣಮಟ್ಟಕ್ಕೆ ಐಎಸ್ 15351 ಎಂಬ ಭಾರತೀಯ ಮಾನಕವಿದೆ. ಹೊದಿಸುವ ಮೊದಲು ಚೂಪಾದ ಕಲ್ಲು ಮತ್ತು ಬೇರುಗಳನ್ನು ಆಯ್ದು, ಜರಡಿ ಹಿಡಿದ ನಯ ಮಣ್ಣನ್ನು ಹರಡಬೇಕು. ಮೇಲಂಚಿನ ಸುತ್ತ ಅರ್ಧ ಮೀಟರ್ ಅಗಲ ಹಾಗೂ ಆಳದ ಕಾಲುವೆ ತೆಗೆದು, ಹಾಸಿನ ತುದಿಯನ್ನು ಅದರಲ್ಲಿ ಹೂತು ಮಣ್ಣು ಮುಚ್ಚಲಾಗುತ್ತದೆ.

ಹಾಸಿನ ಅಳತೆಯನ್ನು ದಡದ ಇಳಿಜಾರಿನ ಉದ್ದದಿಂದ ಲೆಕ್ಕ ಹಾಕಬೇಕು. 3 ಮೀಟರ್ ಆಳ, 1:1 ಇಳಿಜಾರು ಇದ್ದರೆ ಆ ಉದ್ದ 4.24 ಮೀಟರ್. ತಳ 15 ಮೀಟರ್, ಎರಡು ದಡಗಳು 8.48 ಮೀಟರ್, ಹೂಳುವ ತುದಿಗಳಿಗೆ 2 ಮೀಟರ್ ಸೇರಿ ಒಂದು ಬದಿಗೆ ಸುಮಾರು 25.5 ಮೀಟರ್ ಬೇಕು. ಒಟ್ಟು ಹಾಸು ಸುಮಾರು 650 ಚದರ ಮೀಟರ್. ಪ್ಲಾಸ್ಟಿಕ್ ಹಾಸಿಗೆ ಬದಲಾಗಿ ಮಣ್ಣು–ಸಿಮೆಂಟ್ ಲೇಪನ, ಜೇಡಿ ಮಣ್ಣಿನ ಪದರ ಮತ್ತು ಕಲ್ಲು ಕಟ್ಟಡಗಳೂ ಬಳಕೆಯಲ್ಲಿವೆ.

ಸುರಕ್ಷತೆ

ಅಗೆಯುವಾಗ

ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗಿಂತ ಹೆಚ್ಚು. ಎದೆಮಟ್ಟದ ಗುಂಡಿಯಲ್ಲಿಯೂ ದಡ ಕುಸಿದರೆ ಒಳಗಿದ್ದವರಿಗೆ ಪ್ರಾಣಾಪಾಯವಿದೆ. ಅಗೆತದ ಕೆಲಸಗಳ ಸುರಕ್ಷತೆಗೆ ಐಎಸ್ 3764 ಎಂಬ ಭಾರತೀಯ ಸಂಹಿತೆಯಿದೆ. ನೆಟ್ಟಗಿನ ದಡದ ಬುಡದಲ್ಲಿ ಕೆಲಸ ಮಾಡದಿರುವುದು, ದಡದ ಕೆಳಗೆ ಗುಹೆಯಂತೆ ಕೊರೆಯದಿರುವುದು, ಯಂತ್ರವನ್ನು ಅಂಚಿನಿಂದ ದೂರ ನಿಲ್ಲಿಸುವುದು, ಯಂತ್ರದ ತೋಳು ತಿರುಗುವ ವ್ಯಾಪ್ತಿಯಲ್ಲಿ ಯಾರೂ ನಿಲ್ಲದಿರುವುದು, ಮಳೆ ಬಂದ ಮರುದಿನ ದಡಗಳಲ್ಲಿ ಬಿರುಕು ಇದೆಯೇ ಎಂದು ನೋಡಿ ಇಳಿಯುವುದು ಮುಖ್ಯ ಎಚ್ಚರಿಕೆಗಳು. ಅರ್ಧ ಅಗೆದು ಬಿಟ್ಟ ಹೊಂಡಕ್ಕೂ ರಾತ್ರಿ ವೇಳೆ ತಡೆ ಮತ್ತು ಗುರುತು ಇರಬೇಕು.

ನೀರು ತುಂಬಿದ ಮೇಲೆ

ರಾಜ್ಯದ ಹಲವು ಜಿಲ್ಲೆಗಳಲ್ಲಿ ಮಕ್ಕಳು ಮತ್ತು ದೊಡ್ಡವರು ಕೃಷಿ ಹೊಂಡಗಳಿಗೆ ಬಿದ್ದು ಮೃತಪಟ್ಟ ಘಟನೆಗಳು ವರದಿಯಾಗಿವೆ. ಹಾಸು ಹೊದಿಸಿದ ಹೊಂಡ ಹೆಚ್ಚು ಅಪಾಯಕಾರಿ. ಒದ್ದೆಯಾಗಿ ಪಾಚಿ ಹಿಡಿದ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಈಜು ಬಲ್ಲವರೂ ದಡ ಹತ್ತಲಾಗದೆ ದಣಿದು ಮುಳುಗಬಹುದು. ಒಬ್ಬರನ್ನು ರಕ್ಷಿಸಲು ಇಳಿದ ಇನ್ನೊಬ್ಬರೂ ಇದೇ ಕಾರಣದಿಂದ ಅಪಾಯಕ್ಕೆ ಸಿಲುಕುತ್ತಾರೆ.

ಇದನ್ನು ತಡೆಯುವ ಕ್ರಮಗಳು ಅಗ್ಗವಾದವು ಮತ್ತು ಸರಳವಾದವು:

• ಹೊಂಡದ ನಾಲ್ಕೂ ಕಡೆ, ಮಕ್ಕಳು ಹತ್ತಲಾಗದ ಎತ್ತರದ ತಂತಿ ಬೇಲಿ ಮತ್ತು ಬೀಗವಿರುವ ಗೇಟು.
• ಎಲ್ಲ ಬದಿಗಳಲ್ಲಿಯೂ ಮೇಲೆ ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಟ್ಟ, ಗಂಟುಗಳಿರುವ ದಪ್ಪ ಹಗ್ಗ.
• ಕನಿಷ್ಠ ಒಂದು ಬದಿಯಲ್ಲಿ ತಳದವರೆಗೆ ಏಣಿ ಅಥವಾ ಹಗ್ಗಕ್ಕೆ ಕಟ್ಟಿದ ಹಳೆಯ ಟೈರುಗಳ ಸಾಲು.
• ಗಾಳಿ ತುಂಬಿದ ಟ್ಯೂಬ್ ಮತ್ತು ಉದ್ದನೆಯ ಬಿದಿರಿನ ಗಳ.
• ನೀರಿನ ಆಳವನ್ನು ತಿಳಿಸುವ ಕನ್ನಡದ ಫಲಕ.

ಬಿದ್ದವರನ್ನು ಎತ್ತಲು ನೀರಿಗೆ ಧುಮುಕುವುದಕ್ಕಿಂತ ದಡದಿಂದಲೇ ಹಗ್ಗ, ಗಳ ಅಥವಾ ಟ್ಯೂಬ್ ನೀಡಬೇಕು. ತುರ್ತು ಸಹಾಯಕ್ಕೆ 112 ಸಂಖ್ಯೆಗೆ ಕರೆ ಮಾಡಬಹುದು. ಬೇಲಿಯನ್ನು ಹೊಂಡ ತುಂಬಿದ ಮೇಲೆ ಹಾಕುವುದೆಂದು ಮುಂದೂಡುವುದು ಸಾಮಾನ್ಯ ತಪ್ಪು. ಅಪಾಯವು ಮೊದಲ ಮಳೆಯ ದಿನದಿಂದಲೇ ಆರಂಭವಾಗುತ್ತದೆ.

ಈಜುಕೊಳದ ಅಗೆತದೊಂದಿಗೆ ಹೋಲಿಕೆ

ಮನೆಯ ಹಿತ್ತಲಿನ ಈಜುಕೊಳಕ್ಕೆ ನೆಲ ಅಗೆಯುವ ಕೆಲಸವೂ ಸ್ಥಳ ಪರಿಶೀಲನೆ, ಗುರುತು, ಮಣ್ಣಿನ ವಿಲೇವಾರಿ ಎಂಬ ಹಂತಗಳಲ್ಲಿಯೇ ಸಾಗುತ್ತದೆ. ವ್ಯತ್ಯಾಸವಿರುವುದು ಗೋಡೆಗಳಲ್ಲಿ. ಈಜುಕೊಳದ ಗೋಡೆಗಳು ನೆಟ್ಟಗಿದ್ದು ಕಬ್ಬಿಣ ಸೇರಿದ ಕಾಂಕ್ರೀಟಿನಿಂದ ನಿಲ್ಲುತ್ತವೆ. ಆದ್ದರಿಂದ ಕೊಳದ ಅಳತೆಗಿಂತ ಹೆಚ್ಚಾಗಿ, ಗೋಡೆ ಮತ್ತು ತಳದ ದಪ್ಪ ಹಾಗೂ ಹಲಗೆ ಕಟ್ಟುವವರು ನಿಲ್ಲುವ ಜಾಗವನ್ನೂ ಸೇರಿಸಿ ಅಗೆಯಬೇಕಾಗುತ್ತದೆ. ಅಂತರ್ಜಲ ಮೇಲಿರುವ ಕಡೆ ಖಾಲಿ ಕೊಳವನ್ನು ಕೆಳಗಿನ ನೀರು ಮೇಲಕ್ಕೆ ಎತ್ತುವ ಅಪಾಯವೂ ಇದೆ.

ಗಾತ್ರದ ದೃಷ್ಟಿಯಿಂದ, 8 × 4 ಮೀಟರ್ ಅಳತೆಯ, ಸರಾಸರಿ 1.4 ಮೀಟರ್ ಆಳದ ಹಿತ್ತಲ ಈಜುಕೊಳ ಹಿಡಿಯುವ ನೀರು ಸುಮಾರು 45 ಸಾವಿರ ಲೀಟರ್. ಒಲಿಂಪಿಕ್ ಅಳತೆಯ, 50 ಮೀಟರ್ ಉದ್ದ, 25 ಮೀಟರ್ ಅಗಲ ಹಾಗೂ 2 ಮೀಟರ್ ಆಳದ ಕೊಳಕ್ಕೆ 25 ಲಕ್ಷ ಲೀಟರ್ ಬೇಕು. 21 ಮೀಟರ್ ಚೌಕದ ಕೃಷಿ ಹೊಂಡ ಇವೆರಡರ ನಡುವೆ ಬರುತ್ತದೆ. ನೋಟಕ್ಕೆ ತಿಳಿನೀರಿನ ಕೊಳದಂತೆ ಕಂಡರೂ ಕೃಷಿ ಹೊಂಡದಲ್ಲಿ ಆಳ ಕಡಿಮೆಯಿರುವ ಬದಿಯಾಗಲಿ, ಮೆಟ್ಟಿಲಾಗಲಿ, ಹಿಡಿಯಲು ಅಂಚಾಗಲಿ ಇರುವುದಿಲ್ಲ. ಅದು ಈಜಲು ತಕ್ಕ ಸ್ಥಳವಲ್ಲ.

ನಿರ್ವಹಣೆ

ಪ್ರತಿ ಬೇಸಿಗೆಯಲ್ಲಿ ಹೂಳನ್ನು ತೆಗೆದು ಹೊಲಕ್ಕೆ ಹಾಕಲಾಗುತ್ತದೆ. ಹಾಸಿರುವ ಹೊಂಡದಲ್ಲಿ ಹಾರೆ, ಗುದ್ದಲಿಗಳನ್ನು ಬಳಸಬಾರದು. ಹಾಸಿನ ತೂತುಗಳನ್ನು ತೇಪೆಯಿಂದ ಮುಚ್ಚಬೇಕು. ಬೇಲಿ, ಬೀಗ ಮತ್ತು ಹಗ್ಗಗಳನ್ನು ಮಳೆಗಾಲಕ್ಕೆ ಮೊದಲು ಪರೀಕ್ಷಿಸಬೇಕು. ಸೊಳ್ಳೆಗಳ ನಿಯಂತ್ರಣಕ್ಕೆ ಲಾರ್ವಾ ತಿನ್ನುವ ಮೀನುಗಳನ್ನು ಬಿಡುವುದುಂಟು.

ಮಿತಿಗಳು ಮತ್ತು ಟೀಕೆ

ತೆರೆದ ಹೊಂಡದಿಂದ ನೀರು ನಿರಂತರವಾಗಿ ಆವಿಯಾಗುತ್ತದೆ. 441 ಚದರ ಮೀಟರ್ ಮೇಲ್ಮೈಯಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಸುಮಾರು 2,200 ಲೀಟರ್ ನಷ್ಟವಾಗುತ್ತದೆ. ನೀರು ಕೆಳಗಿಳಿದಂತೆ ಮೇಲ್ಮೈ ಕುಗ್ಗಿ ನಷ್ಟ ಕಡಿಮೆಯಾದರೂ, ಒಂದು ಬೇಸಿಗೆಯಲ್ಲಿ ಹೊಂಡದ ಗಣನೀಯ ಭಾಗ ಗಾಳಿಗೆ ಹೋಗುತ್ತದೆ. ಆಳ ಹೆಚ್ಚಿಸಿ ಮೇಲ್ಮೈ ತಗ್ಗಿಸುವುದು ಮತ್ತು ನೆರಳು ಬಲೆ ಕಟ್ಟುವುದು ಇದಕ್ಕೆ ಪರಿಹಾರಗಳಾಗಿವೆ.

ಮಳೆನೀರಿಗೆಂದು ತೋಡಿದ ಹೊಂಡವನ್ನು ಕೊಳವೆ ಬಾವಿಯ ನೀರಿನಿಂದ ತುಂಬಿಸುವುದು ಇನ್ನೊಂದು ಟೀಕೆಗೆ ಗುರಿಯಾಗಿದೆ. ವಿದ್ಯುತ್ ಇರುವ ಹೊತ್ತಿನಲ್ಲಿ ಎತ್ತಿದ ನೀರನ್ನು ಕೂಡಿಟ್ಟುಕೊಳ್ಳಲು ತೋಟದ ಬೆಳೆಗಾರರಿಗೆ ಇದು ಅನುಕೂಲಕರ. ಆದರೆ ಹೀಗೆ ಮಾಡಿದಾಗ ನೆಲದಡಿ ಆವಿಯಾಗದೆ ಇದ್ದ ನೀರು ಬಿಸಿಲಿಗೆ ತೆರೆದುಕೊಳ್ಳುತ್ತದೆ, ಅಂತರ್ಜಲದ ಮೇಲಿನ ಹೊರೆ ತಗ್ಗುವ ಬದಲು ಹೆಚ್ಚುತ್ತದೆ. ಮೇಲಿನ ಹೊಲಗಳಲ್ಲಿ ಹೊಂಡಗಳು ಹೆಚ್ಚಾದಂತೆ ಕೆಳಗಿನ ಊರ ಕೆರೆಗೆ ಬರುವ ನೀರು ಕಡಿಮೆಯಾಗಬಹುದೆಂಬ ಆಕ್ಷೇಪವೂ ಇದೆ. ಹೊಂಡಗಳ ಸಂಖ್ಯೆಯನ್ನು ಒಂದು ಜಮೀನಿನ ಲೆಕ್ಕದಲ್ಲಿ ಮಾತ್ರವಲ್ಲದೆ, ಇಡೀ ಜಲಾನಯನದ ಲೆಕ್ಕದಲ್ಲಿ ನಿರ್ಧರಿಸಬೇಕೆಂಬುದು ಇದರ ಸಾರಾಂಶ.

ಇವನ್ನೂ ನೋಡಿ

• ಕೃಷಿ ಭಾಗ್ಯ
• ಮಳೆನೀರು ಕೊಯ್ಲು
• ಚಿತ್ರದುರ್ಗ ಕೋಟೆ
• ವಾಣಿವಿಲಾಸ ಸಾಗರ
• ಹೊಳಲ್ಕೆರೆ